ಬಳೆಹಾವುಗಳು ನಿದ್ದೆಹೋದ ರಾಜ್ಯ

ಬೆಟ್ಟ ಬಾವಿಗಳೆಲ್ಲ ಮಾತಾಡುತ್ತಿದ್ದ ಕಾಲವದು. ಆಗ ಮೈನಾಡು ಅಂತ ಒಂದು ರಾಜ್ಯ ಇತ್ತು. ಅದರ ನಡುವೆ ಎದೆಬಾವಿ. ಆ ಬಾವಿ ದಬ್ ದಬ್ ಅಂತ ಕೆಂಪು ನೀರನ್ನು ಕಾಲುವೆಗಳಿಗೆ ದಬ್ಬುತ್ತಿತ್ತು. ಊರೂರು ಸುತ್ತಿದ ನೀರು ತಿರುಗಿ ಬಾವಿಗೇ ಬಂದು ಸೇರುತ್ತಿತ್ತು.

ಒಂದೊಂದು ಕಾಲುವೆಗೂ ಒಂದೊಂದು ಬಳೆಹಾವು ಸುತ್ತಿಕೊಂಡಿತ್ತು. ಹಾವು ಬಿಗಿದರೆ ಕಾಲುವೆ ಸಣ್ಣ, ಸಡಿಲಿಸಿದರೆ ಅಗಲ. ಕೆಲಸ ಹೆಚ್ಚಾದ ಊರಿನವರು ಕಾಲುವೆಯ ಗೋಡೆ ತಟ್ಟಿ, "ಸಡಿಲು ತಾಯಿ" ಅನ್ನಬೇಕು. ಆಗ ಕೆಲಸವಿಲ್ಲದ ಊರಿನ ಹಾವು ಬಿಗಿಯಬೇಕು. ಅಲ್ಲಿಯ ಪದ್ಧತಿ ಅದು.

ಜನಕ್ಕೆ ಬೇಸರವಾಯಿತು. "ದಿನಾ ತಟ್ಟಿ ತಟ್ಟಿ ಕೈ ಬಿದ್ದುಹೋಯ್ತು" ಅಂದರು. ಅದೇ ಹೊತ್ತಿಗೆ ಜೋಲಭಂಡ ಎಂಬ ಮಾಂತ್ರಿಕ ಬಂದ.

"ಎಲ್ಲಾ ಕಾಲುವೆಗಳನ್ನೂ ಯಾವಾಗಲೂ ಅಗಲವಾಗೇ ಇಡ್ತೀನಿ. ಯಾರೂ ಕೇಳೋದೇ ಬೇಡ" ಅಂದ.

ಜನ ಕುಣಿದಾಡಿದರು. ಅವನು ಬೂದಿ ಊದಿದ. ಹಾವುಗಳೆಲ್ಲ ಸಡಿಲಾಗಿ ನಿದ್ದೆಹೋದವು.

ಕಾಲುವೆಗಳೆಲ್ಲ ಅಗಲವಾದವು. ನೀರು ಮಾತ್ರ ಮೊದಲಿನಷ್ಟೇ. ಅದು ತಗ್ಗಿನ ಊರುಗಳಲ್ಲೇ ಹರಡಿ ನಿಂತಿತು, ಎತ್ತರದ ತಲೆಬೆಟ್ಟಕ್ಕೆ ಹತ್ತಲಿಲ್ಲ. ಬೆಟ್ಟದ ಮೇಲೆ ರಾಜ ಕುಸಿದ. ಅರಮನೆಯ ಬಾಗಿಲು ಕಾಯುವ ಹುಲಿಗೆವ್ವನೂ ಕುಸಿದಳು.

ಹುಲಿಗೆವ್ವನ ಮಗಳು ದ್ಯಾಮಿ ಬಾವಿಕಟ್ಟೆಯಲ್ಲಿ ಕೆಲಸಕ್ಕಿದ್ದಳು. ಸುದ್ದಿ ಕೇಳಿ ಬಾವಿಯೊಳಗೆ ಬಗ್ಗಿ, "ನಮ್ಮವ್ವನಿಗೆ ನೀರು ಕಳಿಸು" ಅಂದಳು.

"ತಿರುಗಿ ಬರೋ ನೀರೇ ಕಮ್ಮಿ ಮಗಳೇ. ಎಷ್ಟು ಬೇಗ ಬೇಗ ಬಡಿದರೂ ಮೇಲಕ್ಕೆ ಏರ್ತಿಲ್ಲ" ಅಂತು ಬಾವಿ. "ಹಾವುಗಳನ್ನ ಎಬ್ಬಿಸು. ಹೊತ್ತು ಮುಳುಗೋದ್ರೊಳಗೆ ಎಬ್ಬಿಸದಿದ್ರೆ ನಿಮ್ಮವ್ವ ಏಳಲ್ಲ."

ದ್ಯಾಮಿ ಓಡಿದಳು.

ಮೊದಲು ಹೋದದ್ದು ರಾಜ್ಯದ ಅಂಚಿನ ತೊಗಲೂರಿಗೆ. ಜನ ಕೆಂಪಗೆ, ಬೆಚ್ಚಗೆ ಮಲಗಿದ್ದರು. ದ್ಯಾಮಿ ಹೊರಗೋಡೆಯ ಕಿಟಕಿಗಳನ್ನು ಪಟಪಟ ತೆರೆದಳು. ಚಳಿಗಾಳಿ ನುಗ್ಗಿತು. ಅಲ್ಲಿಯ ಹಾವು ನಡುಗಿ ಸುತ್ತು ಬಿಗಿಯಿತು.

"ನಿನ್ನ ಮನೆ ಹಾಳಾಗ, ಮುಚ್ಚೇ!" ಅಂತ ಜನ ಬೈದರು.

"ಬೈಯ್ರಿ ಬೈಯ್ರಿ" ಅಂತ ಅವಳು ಮುಂದೆ ಓಡಿದಳು.

ಎರಡನೆಯದು ಹೊಟ್ಟೆಯೂರು. ಅಲ್ಲಿ ಊರೂಟ. ಒಲೆಯ ಮುಂದೆ ಅಡಿಗೆಯ ಸೂಲವ್ವ ಸೌಟು ಹಿಡಿದು ನಿಂತಿದ್ದಳು. ಹಾವನ್ನು ಎಬ್ಬಿಸಬೇಕು ಅಂತ ದ್ಯಾಮಿ ಅಂದದ್ದೇ ಸಿಡುಕಿದಳು.

"ಹೋಳಿಗೆ ಬೇಯ್ತಾ ಇದೆ. ಹನಿ ನೀರು ಬಿಡಲ್ಲ, ನಡಿ!"

"ಅತ್ತೆ, ಹಸಿವಾಯ್ತು ಅಂತ ಹೇಳೋರು ತಲೆಬೆಟ್ಟದವರು. ಅವರೇ ಹೋದ್ರೆ ನಿನ್ನ ಹೋಳಿಗೆ ಬೇಡೋರು ಯಾರು?"

ಸೂಲವ್ವ ಹಂಚನ್ನು ಕೆಳಗಿಳಿಸಿದಳು. ಆಮೇಲೆ ತಪ್ಪಲೆ ನೀರನ್ನು ಒಲೆಗೆ ಸುರಿದಳು. ಹೊಗೆ ಮೂಗಿಗೆ ಹೊಡೆದು ಹಾವು ಸೀನಿತು, ಎಚ್ಚರಾಗಿ ಬಿಗಿಯಿತು.

ಮೂರನೆಯದು ಎಲ್ಲಕ್ಕಿಂತ ತಗ್ಗಿನ ಕಾಲೂರು. ಮೊಣಕಾಲುದ್ದ ನೀರು ನಿಂತಿತ್ತು. ಜನ ಮರದ ಬೊಂಬೆಗಳ ಹಾಗೆ ಅಲ್ಲಾಡದೆ ನಿಂತಿದ್ದರು. ನಡುವೆ ಜೋಲಭಂಡ, ಅವನ ತೊಡೆಯ ಮೇಲೆ ಎಲ್ಲಕ್ಕಿಂತ ದೊಡ್ಡ ಹಾವಿನ ತಲೆ.

"ತಲೆಬೆಟ್ಟದ ಕಾಲುವೇನ ಸಮುದ್ರದಷ್ಟು ಅಗಲ ಮಾಡಿಕೊಡ್ತೀನಿ. ಇದೊಂದನ್ನ ನನಗೆ ಬಿಟ್ಟು ಹೋಗು" ಅಂದ.

ಹೊತ್ತು ಇಳಿಯುತ್ತಿತ್ತು. ದ್ಯಾಮಿ ಅವ್ವನನ್ನು ನೆನೆದಳು. ಬಾಯಿಗೆ ಬಂದ 'ಹೂಂ' ಅನ್ನು ನುಂಗಿದಳು.

"ಅಗಲ ಮಾಡಿದ್ರೆ ನೀರು ಹತ್ತಲ್ಲ ಕಣೋ. ಕೆಳಗೆ ಬಿಗಿಯೋರು ಬೇಕು" ಅಂದು ಜನರತ್ತ ತಿರುಗಿದಳು. "ಏನ್ರೋ, ಬೇರು ಬಿಟ್ಟಿದೀರಾ? ತುಳೀರಿ!"

ತಾನೇ ಮೊದಲು ತುಳಿದಳು. ಒಬ್ಬ ತುಳಿದ. ಪಕ್ಕದವನು ತುಳಿದ. ಊರೇ ತುಳಿಯಿತು. ತುಳಿದ ರಭಸಕ್ಕೆ ನಿಂತ ನೀರು ಕಾಲುವೆಗೆ ನುಗ್ಗಿ ಎದೆಬಾವಿಯ ಕಡೆ ಏರತೊಡಗಿತು. ನೆಲ ನಡುಗಿ ದೊಡ್ಡ ಹಾವು ಕಣ್ಣು ಬಿಟ್ಟಿತು. ಕಂಡದ್ದು ಮಾಂತ್ರಿಕ. ಅವನನ್ನೇ ಸುತ್ತಿ ಬಿಗಿಯಿತು. ಜೋಲಭಂಡ ಕೋಲಾದ, ಕೋಲು ದಾರವಾಯಿತು, ದಾರವೂ ಉಳಿಯಲಿಲ್ಲ. ಮಾಟ ಕಳಚಿ ನಾಡಿನ ಹಾವುಗಳೆಲ್ಲ ಎದ್ದವು.

ಬಾವಿ ತುಂಬಿತು. ದಬ್ ದಬ್ ಅಂತ ನೀರು ಬೆಟ್ಟ ಹತ್ತಿತು. ರಾಜ ಎದ್ದು ಕೂತ. ದ್ಯಾಮಿ ಏದುಸಿರು ಬಿಡುತ್ತಾ ಬೆಟ್ಟ ಮುಟ್ಟುವಷ್ಟರಲ್ಲಿ ಹುಲಿಗೆವ್ವ ಕಣ್ಣು ಬಿಟ್ಟಿದ್ದಳು.

"ಮೈಯೆಲ್ಲ ಕೆಸರು! ಎಲ್ಲಿ ಬಿದ್ದಿದ್ದೆ? ತೊಳ್ಕೋ ಹೋಗು."

ದ್ಯಾಮಿ ಹೋಗಲಿಲ್ಲ. ಅವ್ವನ ಕೆನ್ನೆಗೆ ಬಣ್ಣ ಏರುವುದನ್ನೇ ನೋಡುತ್ತಾ ಕೂತಳು.

ಮೈನಾಡಿನವರು ಅಲ್ಲಿಂದ ಮುಂದೆ ಸುಖವಾಗಿದ್ದರು. ಊಟದ ಹೊತ್ತಲ್ಲಿ ಕಾಲೂರಿನವರು ಕೂರುತ್ತಿದ್ದರು, ಓಟದ ಹೊತ್ತಲ್ಲಿ ಹೊಟ್ಟೆಯೂರಿನವರು ಕಾಯುತ್ತಿದ್ದರು.