ಓಣಿಯ ನಕ್ಷೆ ಕಾಣೆಯಾದ ಬೆಳಿಗ್ಗೆ

"ಅತ್ತೇ, ನಕ್ಷೆ ನಾಪತ್ತೆ!"

ಸೈಕಲ್ ರಿಪೇರಿ ಮಾಡುವ ಅಳಿಯ ಏದುಸಿರು ಬಿಡುತ್ತ ಬಂದಾಗ ದರ್ಜಿ ಅತ್ತೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ಓಣಿಯವರ ಸೊಂಟದಳತೆಯ ಜೊತೆಗೆ ಗುಣದಳತೆಯನ್ನೂ ಬಲ್ಲವಳು. ಅಲ್ಲಿ ಏನೇ ಕಳೆದರೂ ಪತ್ತೆಗೆ ಅತ್ತೆಯೇ.

ಈ ಸಲ ಕಳೆದದ್ದು ಸಣ್ಣದಲ್ಲ. ಹಳೇ ಓಣಿಯನ್ನು ಹೊಸದು ಮಾಡಹೊರಟ ನಗರಸಭೆ, "ಯಾವುದು ಉಳೀಬೇಕೋ ಅದಕ್ಕೆ ನಕ್ಷೆ ಮೇಲೆ ನೀವೇ ಕೆಂಪು ಸುತ್ತು ಹಾಕಿ" ಎಂದಿತ್ತು. ಓಣಿಯವರು ವಾಚನಾಲಯದಲ್ಲಿ ಮೂರು ಭಾನುವಾರ ಕೂತು ಬಟ್ಟೆಯ ಮೇಲೆ ನಕ್ಷೆ ಬರೆಸಿದ್ದರು. ಇವತ್ತು ಹನ್ನೊಂದಕ್ಕೆ ಅಧಿಕಾರಿ ಅದನ್ನು ನೋಡಲು ಬರುವವರಿದ್ದರು. ಸುತ್ತಿಲ್ಲದ್ದೆಲ್ಲ ನೆಲಸಮ.

"ಕೆಡವೋ ಕೆಲಸ ಹಿಡಿದಿರೋ ಕಂಟ್ರಾಕ್ಟರದ್ದೇ ಕೈವಾಡ," ಎಂದ ಅಳಿಯ. " ನಕ್ಷೆ ಇಲ್ದಿದ್ರೆ ಎಲ್ಲಾ ಕೆಡವಬೋದು."

"ನಿನ್ ಬಾಯಿಗೂ ಒಂದು ಬ್ರೇಕ್ ಹಾಕ್ಸೋ."

ವಾಚನಾಲಯದ ಬೀಗ ಮುರಿದಿರಲಿಲ್ಲ. ಕೀಲಿಕೈ ಮೂವರ ಬಳಿಯಿತ್ತು: ಸಿಮೆಂಟ್ ಇಡಲು ಪಡೆದಿದ್ದ ಕಂಟ್ರಾಕ್ಟರ್, ನಕ್ಷೆ ಬರೆದ ಬೋರ್ಡ್ ಪೇಂಟರ್, ವಾಚನಾಲಯದ ಮೇಷ್ಟ್ರು. ನಕ್ಷೆ ಹೊಡೆದಿದ್ದ ಗೋಡೆಯ ಎಂಟೂ ಮೊಳೆ ಕಿತ್ತು, ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಲಾಗಿತ್ತು. ಏಣಿ ಮೂಲೆ ಸೇರಿತ್ತು.

ಅತ್ತೆ ಎಲ್ಲರಿಗೂ ಒಂದೇ ಪ್ರಶ್ನೆ ಹಾಕಿದಳು. "ನೀನು ಯಾವುದಕ್ಕೆ ಸುತ್ತು ಹಾಕಿಸ್ದೆ?"

ಬಾವಿ ಎಂದರು, ಗಡಿಯಾರದ ಗೋಪುರ ಎಂದರು, ಬಟ್ಟೆ ಒಗೆಯುವ ಕಲ್ಲು ಎಂದರು.

"ನನ್ನನ್ಯಾರೂ ಕೇಳ್ಲಿಲ್ಲಮ್ಮ," ಎಂದರು ಮೇಷ್ಟ್ರು. "ಕುರ್ಚಿ ಹಾಕ್ತಿದ್ದೆ."

ಹತ್ತೂವರೆಗೆ ಅತ್ತೆ ಎಲ್ಲರನ್ನೂ ವಾಚನಾಲಯದಲ್ಲೇ ಕೂರಿಸಿದಳು.

"ಕಂಟ್ರಾಕ್ಟರ್ ಕಿತ್ತಿದ್ರೆ ಮೊಳೆ ಜೊತೆ ಗೋಡೆನೂ ಬರ್ತಿತ್ತು. ಪೇಂಟರ್ ಮುಟ್ಟಿದ ಡಬ್ಬಿಗೆ ಮುಚ್ಚಳ ಯಾವತ್ತಾದ್ರೂ ಕಂಡಿದೀರಾ? ಇದು ಎಲ್ಲಾನೂ ಅದರದರ ಜಾಗದಲ್ಲಿಡೋ ಕೈ. ಸರಿ, ಊರಿಗೆಲ್ಲ ಸುತ್ತು ಹಾಕಿದ್ರಿ. ನಾವು ಕೂತಿದ್ದ ಈ ಕೋಣೆಗೆ ಹಾಕಿಸಿದ್ದು ಯಾರು?"

ದೀಪದ ಬುಡದಲ್ಲೇ ಕತ್ತಲೆ! ಅಳಿಯ ತಲೆ ಕೆರೆದುಕೊಂಡ. ಅವನು ಸುತ್ತು ಹಾಕಿಸಿದ್ದು ತನ್ನ ಅಂಗಡಿ ಕಟ್ಟೆಗೆ.

ಮೇಷ್ಟ್ರು ಬೀರು ತೆಗೆದು, ಹಳೇ ಪೇಪರಿನ ಕಟ್ಟಿನಿಂದ ಬಟ್ಟೆಯನ್ನು ಈಚೆಗೆಳೆದರು. "ಇಪ್ಪತ್ತಾರು ವರ್ಷ ಇಲ್ಲೇ ಕಳ್ದೆ. ಇದನ್ನ ಉಳಿಸಿ ಅಂತ ಬೇಡ್ಬೇಕಿತ್ತಾ? ನಾನೇ ಸುತ್ತು ಹಾಕೋಣ ಅಂತ ಇಳಿಸ್ದೆ. ಕದ್ದು ಹಾಕೋಕೆ ಕೈ ಬರ್ಲಿಲ್ಲ. ವಾಪಸ್ ಹಾಗೇ ಗೋಡೆಗೆ ಹೊಡಿಯೋಕೆ ಮನಸ್ಸೂ ಬರ್ಲಿಲ್ಲ."

ಎಲ್ಲರೂ ಪೇಂಟರನ ಕೆಂಪು ಬಣ್ಣದ ಬ್ರಷ್ಷಿಗೆ ಕೈಚಾಚುವಷ್ಟರಲ್ಲಿ ಕಂಟ್ರಾಕ್ಟರ್ ಅದನ್ನು ಕಸಿದುಕೊಂಡಿದ್ದ.

"ಲೇ, ನಿಂಗ್ಯಾಕೋ?" ಎಂದ ಪೇಂಟರ್.

"ಬೆಳಿಗ್ಗೆಯಿಂದ ಕಳ್ಳ ಅನ್ನಿಸ್ಕೊಂಡಿದೀನಿ, ಇಷ್ಟಾದ್ರೂ ಮಾಡೋಕೆ ಬಿಡ್ರಪ್ಪಾ. ದಿನಾ ಪೇಪರ್ ಓದೋಕೆ ನಾನೂ ಇಲ್ಲಿಗೇ ಬರೋದು."

ಸುತ್ತು ಸೋರೆಕಾಯಿಯಂತೆ ಸೊಟ್ಟಗೆ ಬಂತು. ಪೇಂಟರ್ ಸರಿಮಾಡಲು ಹೋದ. ಅತ್ತೆ ಅವನ ಕೈ ಹಿಡಿದು ತಡೆದಳು.

ಮೆಟ್ಟಿಲ ಮೇಲೆ ಅಧಿಕಾರಿಯ ಬೂಟಿನ ಸದ್ದು ಕೇಳಿದಾಗ ಮೇಷ್ಟ್ರು ನಕ್ಷೆಯ ಮೇಲೆ ಬಗ್ಗಿ, ಬಣ್ಣ ಒಣಗಲೆಂದು ಉಫ್ ಉಫ್ ಎಂದು ಊದುತ್ತಿದ್ದರು.