ಹಸುವಿನಂಥ ವಿಮಾನ

"ಈ ವಿಮಾನ ಸುಳ್ಳು ಹೇಳ್ತಾ ಇದೆ."

ಅವನು ಅವಳೆದುರು ಆಡಿದ ಮೊದಲ ಮಾತೇ ಇದು. ನಮಸ್ಕಾರವಿಲ್ಲ, ಪರಿಚಯವಿಲ್ಲ. ಕೆಲಸಕ್ಕೆ ಸೇರಿದ ದಿನವೇ ಕಂಪ್ಯೂಟರ್ ಮುಂದೆ ಕೂತ. ಅವಳು ಹೊತ್ತು ಹೆತ್ತು ಸಾಕಿದಂತೆ ಕಟ್ಟಿದ ವಿಮಾನವನ್ನು ಒಂದು ಸುತ್ತು ಹಾರಿಸಿದ, ಪರದೆಯ ಮೇಲಿನ ಹಡಗಿಗೆ ಇಳಿಸಿದ, ಹೆಡ್‌ಫೋನ್ ತೆಗೆದಿಟ್ಟು ಹೀಗಂದ.

ಚಪ್ಪಾಳೆ ತಟ್ಟಲು ಕೈಯೆತ್ತಿದ್ದವರೆಲ್ಲ ಮೆಲ್ಲಗೆ ಕೈ ಕೆಳಗಿಳಿಸಿದರು. ಗುಬ್ಬಿಯ ಮುಖ ಕೆಂಪಾಯಿತು.

ಗುಬ್ಬಿ ಎಂದರೆ ಅವಳೇ. ಅಜ್ಜ ಪ್ರೀತಿಯಿಂದ ಇಟ್ಟ ಹೆಸರು ಆಫೀಸಿನವರೆಗೂ ಬೆನ್ನು ಹತ್ತಿ ಬಂದಿತ್ತು. ಆಫೀಸಾದರೂ ಎಂಥದ್ದು? ಬೇಕರಿಯ ಮೇಲಿನ ಮಹಡಿ. ಬೆಳಗಾದರೆ ಬ್ರೆಡ್ಡಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಅಲ್ಲಿ ಕೂತವರು ಕಂಪ್ಯೂಟರಿನಲ್ಲಿ ಹಾರಿಸುವ ಹಳೆಯ ವಿಮಾನಗಳನ್ನು ಇದ್ದದ್ದು ಇದ್ದಂತೆ ಕಟ್ಟುತ್ತಿದ್ದರು. ಕೊಳ್ಳುವವರೂ ಸಾಮಾನ್ಯರಲ್ಲ, ಒಂದು ಮೊಳೆ ಜಾಗ ತಪ್ಪಿದರೂ ಜನ್ಮ ಜಾಲಾಡುವ ಜನ.

ಗುಬ್ಬಿ ಹಟ ಹಿಡಿದು ತನ್ನ ಪಾಲಿಗೆ ತೆಗೆದುಕೊಂಡದ್ದು ಯುದ್ಧಕಾಲದ ಒಂದು ವಿಮಾನವನ್ನು. ನಡುಸಮುದ್ರದಲ್ಲಿ ಹಡಗಿನ ಮೇಲಿಂದ ಏರಿ, ಮತ್ತೆ ಅದೇ ಹಡಗಿನ ಮೇಲೆ ಇಳಿಯುವಂಥದ್ದು. ಅದರ ಬಾಲದಲ್ಲೊಂದು ಕೊಕ್ಕೆ. ಇಳಿಯುವಾಗ ಹಡಗಿನ ಮೇಲೆ ಅಡ್ಡ ಬಿಗಿದ ತಂತಿಗೆ ಆ ಕೊಕ್ಕೆ ಸಿಕ್ಕಿಕೊಂಡರೆ ಸರಿ, ಇಲ್ಲದಿದ್ದರೆ ದೇವರೇ ಗತಿ. ಅವಳ ಅಜ್ಜ ಹರೆಯದಲ್ಲಿ ಹಾರಿಸಿದ್ದು ಅದನ್ನೇ.

ಆ ಅಜ್ಜನ ಕಣ್ಣು ಈಗ ಮಂಜಾಗುತ್ತಿತ್ತು. ಆಪರೇಷನ್ ಮಾಡಿ ಪ್ರಯೋಜನವಿಲ್ಲ, ಈ ವರ್ಷ ಕಳೆಯುವವರೆಗೆ ಕಂಡರೆ ಹೆಚ್ಚು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅವತ್ತೇ ಗುಬ್ಬಿ ಅಜ್ಜನ ಕೈ ಹಿಡಿದು ಮಾತು ಕೊಟ್ಟಿದ್ದಳು, ಕಣ್ಣು ಕಾಣುವಾಗಲೇ ಇನ್ನೊಂದು ಸಲ ನಿನ್ನ ವಿಮಾನವನ್ನು ನಿನ್ನ ಹಡಗಿನ ಮೇಲೆ ಇಳಿಸುವಂತೆ ಮಾಡ್ತೀನಿ ಅಂತ.

ಅಂಥ ವಿಮಾನವನ್ನು ಈ ಮಹಾನುಭಾವ ಸುಳ್ಳು ಅನ್ನುತ್ತಾನಲ್ಲ!

"ಯಾವುದು ಸುಳ್ಳು?" ಎಂದು ಕೇಳಿದಳು.

"ಇಳಿಯೋ ಹೊತ್ತಲ್ಲಿ ಇದು ತುಂಬಾ ಸಾಧು. ಇಷ್ಟು ದೊಡ್ಡ ಎಂಜಿನ್, ಇಷ್ಟುದ್ದ ಮೂಗು... ವೇಗ ಕಮ್ಮಿ ಆದ್ರೆ ಎಡರೆಕ್ಕೆ ದಬಕ್ಕಂತ ಬೀಳಬೇಕು. ನಿಮ್ಮದು ಬೀಳೋದೇ ಇಲ್ಲ."

"ಹಾರಿಸಿದವರೇ ಹೇಳಿದ್ದಾರೆ, ಹಸುವಿನಂಥ ವಿಮಾನ ಅಂತ. ಅವರು ನಮ್ಮಜ್ಜ."

ಅವನು ಕುರ್ಚಿಯನ್ನು ಅವಳತ್ತ ತಿರುಗಿಸಿದ. "ಹಾಗಿದ್ರೆ ನಿಮ್ಮಜ್ಜ ನಿಮಗೆ ಪೂರ್ತಿ ಹೇಳಿಲ್ಲ."

ಮುಗಿಯಿತು. ಅಜ್ಜನನ್ನು ಸುಳ್ಳುಗಾರ ಅಂದವನ ಜೊತೆ ಗುಬ್ಬಿಗೆ ಇನ್ನೇನು ಮಾತು?

ಅವನು ಮೊದಲು ಹೊಲಗಳ ಮೇಲೆ ಔಷಧಿ ಸಿಂಪಡಿಸುವ ಪುಟ್ಟ ವಿಮಾನ ಹಾರಿಸುತ್ತಿದ್ದನಂತೆ. ಒಮ್ಮೆ ಬಿದ್ದು ಭುಜದ ಮೂಳೆ ಮುರಿದ ಮೇಲೆ ಹಾರುವುದು ನಿಂತಿತ್ತು. ಈಗ ಇಲ್ಲಿ ಎಲ್ಲರ ಕೆಲಸ ಪರೀಕ್ಷೆ ಮಾಡುವುದೇ ಅವನ ಕೆಲಸ. ಎಲ್ಲದರಲ್ಲೂ ತಪ್ಪು ಹುಡುಕುತ್ತಾನೆಂದು ವಾರ ಕಳೆಯುವುದರೊಳಗೆ ಅವನಿಗೆ 'ಕೊಕ್ಕೆ ಸಾಹೇಬ' ಎಂಬ ಬಿರುದು ಬಂತು. ಅದಕ್ಕೂ ಅವನು ಬೇಸರಪಟ್ಟುಕೊಳ್ಳಲಿಲ್ಲ, ನಕ್ಕ. ನಕ್ಕರೆ ಚೆನ್ನಾಗಿ ಕಾಣುತ್ತಾನೆ ಎನ್ನುವುದು ಗುಬ್ಬಿಗೆ ಬೇಡವೆಂದರೂ ಕಂಡಿತು.

ದಿನಕ್ಕೊಂದು ಕೊಕ್ಕೆ ಹಿಡಿದು ಅವಳ ಮೇಜಿಗೆ ಬರುತ್ತಿದ್ದ. ಒಂದು ದಿನ ಮೀಟರಿನ ಸೂಜಿಯ ಬಣ್ಣ ಹೆಚ್ಚಾಯಿತು ಎನ್ನುತ್ತಿದ್ದ, ಇನ್ನೊಂದು ದಿನ ಗಾಜಿನ ಮೇಲಿನ ಗೀರು ಎಡಕ್ಕೆ ಜರುಗಬೇಕು ಎನ್ನುತ್ತಿದ್ದ. ಬರುವಾಗ ಮಾತ್ರ ಒಂದು ಲೋಟ ಟೀ ತಂದು ಕೀಬೋರ್ಡಿನ ಪಕ್ಕ ಇಡುತ್ತಿದ್ದ. ಟೀ ಕುಡಿದು ಜಗಳ ಮುಂದುವರಿಸುತ್ತಿದ್ದಳು ನಮ್ಮ ಹುಡುಗಿ!

ಅವಳು ಕಟ್ಟಿದ ಕಾಕ್‌ಪಿಟ್ಟಿನಲ್ಲಿ, ಪೈಲಟ್ಟಿನ ಎಡಗೈ ಊರುವ ಜಾಗದಲ್ಲಿ ಬಣ್ಣ ಸವೆದು ತಗಡು ಕಾಣುತ್ತಿತ್ತು. ಅದನ್ನು ನೋಡಿ ಅವನು ಪರದೆಯ ಮೇಲೆ ಆ ಜಾಗವನ್ನು ಬೆರಳಿಂದ ಸವರಿದ ದಿನವೂ ಒಂದಿತ್ತು. "ಇದನ್ನ ಪ್ರೀತಿ ಇಲ್ಲದೋರು ಮಾಡಕ್ಕಾಗಲ್ಲ" ಅಂದ. ಆ ಮಾತು ಅವಳ ಜೊತೆ ಮನೆಯವರೆಗೂ ಬಂತು.

ಆದರೆ ಅವನ ಎಡರೆಕ್ಕೆಯ ಹಾಡು ನಿಲ್ಲಲಿಲ್ಲ. ತಾನೇ ಕೂತು ಲೆಕ್ಕ ಹಾಕಿ, ರೆಕ್ಕೆ ಬೀಳುವ ಇನ್ನೊಂದು ವಿಮಾನ ಸಿದ್ಧ ಮಾಡಿದ. ಒಮ್ಮೆ ಹಾರಿಸಿ ನೋಡಿ ಎಂದು ಕೇಳಿಕೊಂಡ. ಗುಬ್ಬಿಗೆ ಎಲ್ಲಿತ್ತೋ ಸಿಟ್ಟು, ಆಡಬಾರದ ಮಾತು ಆಡಿಬಿಟ್ಟಳು.

"ನೀವು ಒಂದ್ಸಲ ಬಿದ್ರಿ ಅಂತ ಎಲ್ಲಾ ವಿಮಾನಾನೂ ಬೀಳ್ಬೇಕಾ?"

ಅವನ ಮುಖ ಕಪ್ಪಿಟ್ಟಿತು. ಎದ್ದು ಹೋದ. ಮರುದಿನ ಟೀ ಬರಲಿಲ್ಲ. ಅದರ ಮರುದಿನವೂ ಇಲ್ಲ... ಗೆದ್ದೆ ಅಂದುಕೊಳ್ಳಬೇಕಾದವಳಿಗೆ ಗಂಟಲಲ್ಲಿ ಅನ್ನ ಇಳಿಯಲಿಲ್ಲ.

ಮನೆಯಲ್ಲಿ ಅಜ್ಜಿ ಮೊಣಕಾಲ ಕೆಳಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಕೂತಿದ್ದರು. ಅದು ಆ ಮನೆಯ ಹಳೆಯ ತಮಾಷೆ. ಮದುವೆಯಾದಾಗಿನಿಂದ ಅಜ್ಜ ನಿದ್ದೆಯಲ್ಲಿ ಒದೆಯುತ್ತಾರೆ, ಅದೂ ಬಲಗಾಲಲ್ಲೇ. ನಡುವೆ ದಿಂಬಿಟ್ಟರೂ ದಿಂಬಿನ ಸಮೇತ ಒದೆಯುತ್ತಾರೆ. ಊಟ ಇಳಿಯದ ಮೊಮ್ಮಗಳನ್ನು ನೋಡಿ ಅಜ್ಜಿ, ಯಾರ ಜೊತೆ ಜಗಳ ಎಂದು ಕೇಳಿದರು. ಯಾರೂ ಇಲ್ಲ ಅಂದಳು. ಅಜ್ಜಿ ನಂಬಿದರೆ ತಾನೇ!

ಭಾನುವಾರ ಮಧ್ಯಾಹ್ನ ಅಜ್ಜ ಅಜ್ಜಿ ಇಬ್ಬರನ್ನೂ ಆಫೀಸಿಗೆ ಕರೆತಂದಳು. ಕಾಲಲ್ಲಿ ಒತ್ತಿ ವಿಮಾನವನ್ನು ಎಡಬಲಕ್ಕೆ ತಿರುಗಿಸುವ ಪೆಡಲುಗಳನ್ನು ಅಜ್ಜನ ಕಾಲಿನ ಉದ್ದಕ್ಕೆ ಹೊಂದಿಸಲು ಕೊಕ್ಕೆ ಸಾಹೇಬನೂ ಬಂದಿದ್ದ. ಯಾರೂ ಕರೆದಿರಲಿಲ್ಲ, ಆಫೀಸಿನಲ್ಲಿ ಸುದ್ದಿ ಕಿವಿಗೆ ಬಿದ್ದಿತ್ತು. ನೆಲದ ಮೇಲೆ ಕೂತು, ಅಜ್ಜನ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದು ಪೆಡಲ್ ಮೇಲೆ ಇಟ್ಟು, ಮೂಲೆಗೆ ಹೋಗಿ ನಿಂತ.

ಅಜ್ಜ ಗುಬ್ಬಿಯ ವಿಮಾನ ಹಾರಿಸಿದರು. ನೀಲಿ ಸಮುದ್ರದ ಮೇಲೆ ಒಂದು ಸುತ್ತು ಬಂದು, ಹಡಗಿನ ಮೇಲೆ ಹೂವಿಟ್ಟಂತೆ ಇಳಿಸಿದರು. ಆಮೇಲೆ ಮೊಮ್ಮಗಳ ತಲೆ ಸವರಿ, "ಚೆನ್ನಾಗಿದೆ ಗುಬ್ಬಿ, ತುಂಬ ಚೆನ್ನಾಗಿದೆ" ಅಂದರು.

ಗುಬ್ಬಿಗೆ ಆ ದನಿ ಗೊತ್ತಿತ್ತು. ಚಿಕ್ಕವಳಿದ್ದಾಗ ಮೂಗೇ ಇಲ್ಲದ ಅಜ್ಜನ ಚಿತ್ರ ಬರೆದು ತೋರಿಸಿದಾಗಲೂ ಅಜ್ಜ ಇದೇ ದನಿಯಲ್ಲಿ ಹೊಗಳಿದ್ದರು. ಅಂದರೆ ಅಜ್ಜನಿಗೆ ಗುರುತು ಸಿಕ್ಕಿಲ್ಲ. ಇದು ಅವರ ವಿಮಾನ ಅಲ್ಲ.

ಅವಳು ಮೂಲೆಯತ್ತ ತಿರುಗಿದಳು. ನಾನು ಹೇಳಲಿಲ್ವಾ ಎನ್ನುವ ಭಾವ ಅವನ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ. ಅವಳಿಗಿಂತ ಹೆಚ್ಚಾಗಿ ಅವನೇ ನೊಂದುಕೊಂಡಂತಿತ್ತು.

"ನಿಮ್ಮದನ್ನ ಹಾಕ್ತೀರಾ?" ಎಂದು ಕೇಳಿದಳು.

ಅಜ್ಜ ಮತ್ತೆ ಏರಿದರು. ಉದ್ದ ಮೂಗು ಅಡ್ಡ ಬಂದು ಹಡಗು ಮರೆಯಾಗದಂತೆ ಎಡಕ್ಕೆ ಬಾಗುತ್ತಾ ಬಾಗುತ್ತಾ ಬಂದರು. ವೇಗ ಇಳಿಯಿತು. ಎಂಜಿನ್ನಿನ ಸದ್ದು ಒಡೆಯಿತು.

ಪರದೆಯ ಮೇಲೆ ಇನ್ನೂ ಏನೂ ಆಗಿರಲಿಲ್ಲ. ಅಷ್ಟರಲ್ಲೇ ಅಜ್ಜನ ಬಲಗಾಲು ಪೆಡಲನ್ನು ಒದ್ದಿತ್ತು!

ಆ ಒದೆತಕ್ಕೆ ಮೂಗು ಬಲಕ್ಕೆ ಎಳೆದು, ಬೀಳಬೇಕಾದ ಎಡರೆಕ್ಕೆ ಒಮ್ಮೆ ನಡುಗಿ ನಿಂತಿತು. ಹಡಗು ಮೇಲೆದ್ದು ಬಂತು. ಕೊಕ್ಕೆ ತಂತಿಗೆ ಸಿಕ್ಕಿ ವಿಮಾನ ಗಕ್ಕನೆ ನಿಂತಿತು.

ಅಜ್ಜನ ಕೈ ಇನ್ನೂ ವಿಮಾನ ಹಾರಿಸುವ ಸ್ಟಿಕ್ ಮೇಲೇ ಇತ್ತು. ಕಣ್ಣಲ್ಲಿ ಧಾರಾಕಾರ ನೀರು. "ಇದೇ ಕಣೇ ಗುಬ್ಬಿ... ಈ ಮೂದೇವೀನೇ."

ಆಮೇಲೆ ಕಳ್ಳನ ಹಾಗೆ ಅಜ್ಜಿಯತ್ತ ತಿರುಗಿದರು. ಈ ಎಡರೆಕ್ಕೆ ತನ್ನ ಎಷ್ಟೋ ಜನ ಗೆಳೆಯರನ್ನು ಹಡಗಿನ ಹಿಂದೆಯೇ ಮುಳುಗಿಸಿತು ಎಂದು ಮೊದಲ ಸಲ ಬಾಯಿ ಬಿಟ್ಟು ಹೇಳಿದರು. ಹೊಸ ಹೆಂಡತಿ ಹೆದರುತ್ತಾಳೆಂದು ಹಸು ಅಂದದ್ದು, ಒಮ್ಮೆ ಅಂದಮೇಲೆ ಹಾಗೆಯೇ ಉಳಿದುಹೋಯಿತು.

"ನಿನಗೆ ಸುಳ್ಳು ಹೇಳಿದೆ ಕಣೇ."

"ಗೊತ್ತಿತ್ತು ರೀ" ಅಂದರು ಅಜ್ಜಿ.

"ಗೊತ್ತಿತ್ತಾ?"

"ಹಸು ಮೇಲೆ ಕೂತೋರು ನಿದ್ದೇಲಿ ಹಾಗೆ ಒದೀತಾರಾ? ಕನಸಲ್ಲಿ ನೀವು ಒದ್ದಾಗೆಲ್ಲ, ಸದ್ಯ, ಇವತ್ತೂ ಇಳಿದ್ರು ಅಂದ್ಕೊಂಡು ಮಲಗ್ತಿದ್ದೆ."

ಅಜ್ಜ ಅಜ್ಜಿಯ ಕೈ ಹಿಡಿದು ಹಣೆಗೆ ಒತ್ತಿಕೊಂಡರು. ಗುಬ್ಬಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಮೆಟ್ಟಿಲಿಗೆ ಓಡಿ ಬಂದಳು. ಹಿಂದೆಯೇ ಅವನೂ ಬಂದ.

"ಕ್ಷಮಿಸಿ" ಅಂದಳು. "ಅವತ್ತು ನಾನು ಹಾಗೆ ಅನ್ನಬಾರದಿತ್ತು. ನಿಮ್ಮ ಉಪಕಾರ ಈ ಜನ್ಮದಲ್ಲಿ ತೀರಿಸಕ್ಕಾಗಲ್ಲ."

"ನಾನು ಬಿದ್ದಿದ್ದೂ ಎಡಕ್ಕೇ" ಅಂದ ಅವನು ಮೆಲ್ಲಗೆ. "ಅದಕ್ಕೇ ಬಿಡಕ್ಕಾಗಲಿಲ್ಲ. ನಿಮ್ಮಜ್ಜ ಸುಳ್ಳುಗಾರ ಅಂತ ನನಗನ್ನಿಸಲೇ ಇಲ್ಲ. ಅಂಥದ್ದನ್ನ ದಿನಾ ಇಳಿಸಿ, ಮನೇಲಿ ಹಸು ಅಂತ ಹೇಳಿದ್ದಾರಲ್ಲ... ಎಂಥ ಮನುಷ್ಯ ಇರಬೇಕು ಅನ್ನಿಸ್ತು."

ಗುಬ್ಬಿ ಕಣ್ಣೊರೆಸಿಕೊಂಡಳು. ಕೆಳಗಿನಿಂದ ಬ್ರೆಡ್ಡಿನ ಬಿಸಿ ವಾಸನೆ ಬರುತ್ತಿತ್ತು. 'ದೇವರೇ, ಇವನನ್ನು ಕಳಿಸಿದ್ದಕ್ಕೆ ನಿನಗೆ ಯಾವ ಬಾಯಲ್ಲಿ ಥ್ಯಾಂಕ್ಸ್ ಹೇಳಲಿ' ಅಂದುಕೊಂಡಳು.

"ನಾನೂ ಒಂದು ಸುಳ್ಳು ಹೇಳಿದ್ದೀನಿ" ಅಂದ ಅವನು. ಕಿವಿ ಕೆಂಪಾಗಿತ್ತು. "ಸೂಜಿಯ ಬಣ್ಣ, ಗಾಜಿನ ಗೀರು... ಎಲ್ಲಾ ಸರಿಯಾಗೇ ಇತ್ತು. ನಿಮ್ಮ ಮೇಜಿಗೆ ಬರಕ್ಕೆ ಒಂದು ನೆಪ ಬೇಕಿತ್ತು."

"ನಾನು ಎಲ್ಲಾ ಅಳಿಸಿ ಮತ್ತೆ ಮಾಡಿದ್ದೆನಲ್ಲ!"

"ಇನ್ಮೇಲೆ ನೆಪ ಇಲ್ದೇ ಬರಲಾ?"

ಗುಬ್ಬಿ ಅವನನ್ನೇ ನೋಡಿದಳು. 'ನೀವು' ಎನ್ನುವುದು ನಾಲಿಗೆಗೆ ಬರಲೇ ಇಲ್ಲ.

"ಬಾ" ಅಂದಳು.

ಮೇಲಿನ ಬಾಗಿಲಲ್ಲಿ ಅಜ್ಜಿ ಯಾವಾಗ ಬಂದು ನಿಂತಿದ್ದರೋ! ನಿದ್ದೇಲಿ ಒದೀತಾನಾ ಅಂತ ಮೊದ್ಲು ಕೇಳ್ಕೋ ಮಾರಾಯ್ತಿ ಎಂದು ಹೇಳಿ, ನಗುತ್ತಾ ಒಳಗೆ ಹೋದರು.

ಅವನು ತಲೆ ತಗ್ಗಿಸಿ ಕೇಳಿದ, "ಒದ್ದರೆ?"

ಗುಬ್ಬಿ ಅವನ ಮುರಿದು ಕೂಡಿದ ಭುಜಕ್ಕೆ ಮೆಲ್ಲಗೆ ತಲೆ ಆನಿಸಿದಳು.

"ಸದ್ಯ, ಇವತ್ತೂ ಇಳಿದ ಅಂದ್ಕೊಂಡು ಮಲಗ್ತೀನಿ."