ಭಾಗ್ಯಜ್ಯೋತಿ ಬಿಟ್ಟುಹೋದ ಕೋಣೆ

ನಾನು ಪೊಲೀಸ್ ಸಬ್ ಇನ್‌ಸ್ಪೆಕ್ಟರ್. ಕಂಡದ್ದನ್ನಷ್ಟೇ ಬರೆದು ರೂಢಿ; ಇದನ್ನೂ ಹಾಗೆಯೇ ಹೇಳುತ್ತಿದ್ದೇನೆ.

ಕಳೆದ ಏಪ್ರಿಲ್‌ನಲ್ಲಿ ಬಿಟಿಎಂ ಲೇಔಟಿನ ಬಾಡಿಗೆ ಕೋಣೆಯಿಂದ ಭಾಗ್ಯಜ್ಯೋತಿ ಎಂಬ ಬಾಗಲಕೋಟೆಯ ಹುಡುಗಿ ಕಾಣೆಯಾದಳು. ವಯಸ್ಸು ಹತ್ತೊಂಬತ್ತು. ನನ್ನ ಅಕ್ಕ ಲತಾಮಣಿ ಹನುಮಂತನಗರದ ಮನೆಯಿಂದ ಕಂಪ್ಯೂಟರ್ ಕ್ಲಾಸಿಗೆಂದು ಹೋಗಿ ಮರಳದಿದ್ದಾಗ ಅವಳಿಗೂ ಹತ್ತೊಂಬತ್ತೇ. ಹಾಗಾಗಿ ಈ ಕೇಸನ್ನು ನಾನೇ ಕೇಳಿ ತೆಗೆದುಕೊಂಡೆ.

ಮಧ್ಯಾಹ್ನ ಮೂರಕ್ಕೆ ಮನೆಯೊಡತಿ ಇಂದ್ರಾಣಿ ಬೀಗ ತೆಗೆದರು. "ಹನ್ನೆರಡು ದಿನದಿಂದ ಯಾರೂ ಒಳಗೆ ಹೋಗಿಲ್ಲ ಮೇಡಂ," ಎಂದರು. ಹೊರಗೆ ಉರಿಬಿಸಿಲು, ಒಳಗೆ ಕಾಲಿಟ್ಟರೆ ನೆಲ ಕೊರೆಯುತ್ತಿತ್ತು. ಆಗಷ್ಟೇ ತೊಳೆದ ಕೂದಲಿನ ಸೀಗೆಕಾಯಿ ವಾಸನೆ ಮೂಗಿಗೆ ಬಡಿಯಿತು. ಹಾಸಿಗೆಯ ಅರ್ಧ ಭಾಗ ತಣ್ಣಗಿತ್ತು. ಗೋಡೆಯ ಕಡೆಯ ಅರ್ಧ ಮಾತ್ರ, ಯಾರೋ ಈಗ ತಾನೇ ಎದ್ದುಹೋದಂತೆ ಬೆಚ್ಚಗಿತ್ತು. ಅಲ್ಲಿಂದ ಕೈ ತೆಗೆಯಲು ನನಗೆ ಮನಸ್ಸು ಬರಲಿಲ್ಲ.

ಮರುವಾರ ಭಾಗ್ಯಜ್ಯೋತಿ ಅರೆಕೆರೆಯಲ್ಲಿ ಗೆಳತಿಯ ಮನೆಯಲ್ಲಿ ಸಿಕ್ಕಳು.

"ಯಾಕಮ್ಮ ಯಾರಿಗೂ ಹೇಳದೆ ಹೋದೆ?" ಎಂದು ಕೇಳಿದೆ.

"ಬಾಜೂಕ ಒಬ್ಬಾಕಿ ಬಂದು ಮಲಗತಿದ್ಲರಿ ಮೇಡಂ. ನನ್ನ ಮನಿಗೆ ಕರ್ಕೊಂಡು ಹೋಗು, ಗುಬ್ಬಿ ಒಬ್ಬಾಕಿನ ಅದಾಳ ಅಂತ ಅಳತಿದ್ಲು."

ನನ್ನನ್ನು ಗುಬ್ಬಿ ಎಂದು ಕರೆಯುತ್ತಿದ್ದವಳು ಅಕ್ಕ ಒಬ್ಬಳೇ.

ಆ ಮಾತನ್ನು ನಾನು ಹೇಳಿಕೆಯಲ್ಲಿ ಬರೆಯಲಿಲ್ಲ. ಅಕ್ಕ ಹೋಗಿ ಇಪ್ಪತ್ತೆರಡು ವರ್ಷವಾಯಿತು. ಆ ಕೋಣೆಯಿರುವ ಕಟ್ಟಡ ಎದ್ದು ಬರೀ ಆರು ವರ್ಷ. ಅದಕ್ಕೆ ಮೊದಲು ಆ ಜಾಗದಲ್ಲಿ ಏನಿತ್ತೆಂದು ಹೇಳುವವರು ಇದುವರೆಗೆ ಯಾರೂ ಸಿಕ್ಕಿಲ್ಲ.